ವಾಟರ್ ಬಾತ್ ತೋರಿಸಿದ 42

ಆ ಶುಕ್ರವಾರ ಲ್ಯಾಬ್‌ನವರಿಗೆಲ್ಲ ಮಂಡಕ್ಕಿ, ಮಿರ್ಚಿ ಕೊಡಿಸಿದ್ದು ನಾನೇ. ನನ್ನ ಪ್ರಯೋಗದ ಪ್ಲೇಟ್ ಅಷ್ಟು ಚೆನ್ನಾಗಿ ಬಂದಿತ್ತು. ಈಗಲೂ ದಾವಣಗೆರೆಯ ಯಾವ ಗಾಡಿಯ ಮುಂದೆ ನಿಂತರೂ ಅದೇ ನೆನಪಾಗುತ್ತದೆ.

ಹೀಲಾ ಎಂಬ ಕ್ಯಾನ್ಸರ್ ಸೆಲ್‌ಗಳಿಗೆ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಹಾಕಿ, ನೀರು ಒಳಗೆ ಹೋಗದಂತೆ ಪ್ಲೇಟಿಗೆ ಪ್ಯಾರಾಫಿಲ್ಮ್ ಸುತ್ತಿ, ವಾಟರ್ ಬಾತ್‌ನ 42 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡುವುದು ನನ್ನ ಕೆಲಸ. ಬಿಸಿಯಲ್ಲಿ ಔಷಧ ಸೆಲ್ ಒಳಗೆ ಜಾಸ್ತಿ ಹೋಗುತ್ತದೆ. ಡಿಎನ್‌ಎಗೆ ಆದ ಪೆಟ್ಟನ್ನು ಸೆಲ್ ಸರಿಮಾಡಿಕೊಳ್ಳುವುದೂ ನಿಧಾನವಾಗುತ್ತದೆ. ಕಡಿಮೆ ಡೋಸ್ ಸಾಕಾದರೆ ರೋಗಿಯ ಕಿಡ್ನಿಗೆ ಅಷ್ಟು ಹೊರೆ ತಪ್ಪುತ್ತದೆ. ನನಗೆ ಈ ಕೆಲಸ ಇಷ್ಟವಾಗಿದ್ದೇ ಅದಕ್ಕೆ.

ಆ ವಾರ ಫ್ಲಾಸ್ಕ್‌ನಲ್ಲಿ ಸೆಲ್ ಕಡಿಮೆ ಇದ್ದವು. ಔಷಧವಿಲ್ಲದೆ ಬಿಸಿ ಮಾತ್ರ ಕೊಡುವ ವೆಲ್‌ಗಳನ್ನು (ಪ್ಲೇಟಿನ ಪುಟ್ಟ ಗುಳಿಗಳು), ಅಂದರೆ ಹೋಲಿಸಿ ನೋಡುವ ಕಂಟ್ರೋಲ್ ಅನ್ನು, ಬಿಟ್ಟೆ. ಹಿಂದಿನ ಪ್ಲೇಟಿನಲ್ಲಿ ಅವಕ್ಕೆ ಏನೂ ಆಗಿರಲಿಲ್ಲ, ಮತ್ತೆ ಯಾಕೆ ಅಂದುಕೊಂಡೆ. ಬದುಕಿರುವ ಸೆಲ್‌ಗಳಲ್ಲಿ ನೇರಳೆಯಾಗುವ ಎಂಟಿಟಿ ಹಾಕಿ ನೋಡಿದರೆ ತೀರಾ ಸಣ್ಣ ಡೋಸ್‌ಗೂ ನೇರಳೆ ಬಣ್ಣ ಇಲ್ಲವೇ ಇಲ್ಲ. ಓಡಿಹೋಗಿ ಗೈಡ್‌ಗೆ ಹೇಳಿದೆ.

ಮುಂದಿನ ವಾರ ಆ ವೆಲ್‌ಗಳನ್ನೂ ಸೇರಿಸಿ ಮತ್ತೆ ಮಾಡಿದೆ. ಔಷಧ ಸೋಕದ ಸೆಲ್‌ಗಳೂ ಸತ್ತಿದ್ದವು. ಬಣ್ಣ ಅಳೆಯುವ ರೀಡರ್ ಕೆಟ್ಟಿರಬೇಕು ಅಂತ ಎರಡು ಸಲ ಓಡಿಸಿದೆ. ಅದೇ ಸಂಖ್ಯೆ. ಕೊನೆಗೆ ಗಾಜಿನ ಥರ್ಮಾಮೀಟರ್ ತಂದು ಬಾತ್‌ಗೆ ಇಳಿಸಿದೆ. ಡಿಸ್‌ಪ್ಲೇ 42 ಅನ್ನುತ್ತಿತ್ತು. ಪಾದರಸ 42 ದಾಟಿತು. 43 ದಾಟಿತು. ನಿಲ್ಲು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. 44ಕ್ಕೆ ನಿಂತಿತು.

ಎರಡೇ ಡಿಗ್ರಿ ಅಲ್ವಾ ಅನ್ನಬಹುದು. ಸೆಲ್‌ಗೆ ಹಾಗಲ್ಲ. ರೂಢಿಯ ಲೆಕ್ಕದಲ್ಲಿ 42ರ ಒಂದು ಗಂಟೆ, 43ರ 15 ನಿಮಿಷಕ್ಕೆ ಸಮ. 44ರ ಒಂದು ಗಂಟೆ, 43ರ 120 ನಿಮಿಷಕ್ಕೆ ಸಮ. ಎಂಟು ಪಟ್ಟು ಬಿಸಿ ಕೊಟ್ಟು, ಹೆಸರನ್ನು ಔಷಧಕ್ಕೆ ಬರೆದಿದ್ದೆ.

ಬಾತ್ ತೋರಿಸುವ ಬಿಸಿ ಸರಿಯೇ ಎಂದು ಹೊಂದಿಸುವ ಕ್ಯಾಲಿಬ್ರೇಷನ್‌ಗೆ ನಾವು ಅರ್ಜಿ ಕೊಟ್ಟು ಆರು ತಿಂಗಳಾಗಿತ್ತು. ಹೊಸ ಕುರ್ಚಿಗಳು ಬಂದವು, ಕ್ಯಾಲಿಬ್ರೇಷನ್ ಆಗಲಿಲ್ಲ. ಆ ಸಿಟ್ಟು ಇನ್ನೂ ಇದೆ. ಆದರೆ ಕಂಟ್ರೋಲ್ ಬಿಟ್ಟಿದ್ದು ಆಫೀಸಿನವರಲ್ಲ, ನಾನು. ಗೈಡ್ ಮುಂದೆ ಹಾಗೆಯೇ ಹೇಳಿದೆ. ಅವರು ಪ್ಲೇಟ್ ತಿರುಗಿಸಿ ನೋಡಿ, "ಸೆಲ್ ಎಷ್ಟಿವೆ?" ಎಂದಷ್ಟೇ ಕೇಳಿದರು.

ಈಗ ಪ್ರತಿ ಪ್ಲೇಟಿನ ಒಂದು ಖಾಲಿ ವೆಲ್‌ಗೆ ಮೀಡಿಯಾ (ಸೆಲ್ ಬೆಳೆಸುವ ದ್ರವ) ತುಂಬಿ ಬಿಸಿ ಅಳೆಯುವ ಪ್ರೋಬ್ ಇಡುತ್ತೇನೆ. ನಿಜವಾದ 42ರಲ್ಲಿ ಬಿಸಿ, ಔಷಧ ಎರಡೂ ಸೇರಿದಾಗ ಸಾವು ಹೆಚ್ಚಿತ್ತು. ಆ ಶುಕ್ರವಾರದಷ್ಟಲ್ಲ.