ವಾಲ್ವ್ ನಿಧಾನವೋ, ಟ್ಯೂಬ್ ಉದ್ದವೋ?

“ಡೇಟಾಶೀಟ್‌ನಲ್ಲಿ 20 ಮಿಲಿಸೆಕೆಂಡ್ ಅಂತಿದೆ. ಸಿಗ್ನಲ್ ಕೊಟ್ಟು ಅರ್ಧ ಸೆಕೆಂಡ್ ಆದಮೇಲೆ ಸಿಲಿಂಡರ್ ಅಲ್ಲಾಡುತ್ತೆ. ಸೊಲೆನಾಯ್ಡ್ ವಾಲ್ವ್ ಬದಲಿಸಬೇಕಾ ಸರ್?”

ಆಟೊಮೇಶನ್ ಕೆಲಸದಲ್ಲಿ ನನಗೆ ಇಷ್ಟು ಸಲ ಬಂದ ಪ್ರಶ್ನೆ ಇನ್ನೊಂದಿಲ್ಲ. ಸೊಲೆನಾಯ್ಡ್ ವಾಲ್ವ್ ಎಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಒತ್ತಡದ ಗಾಳಿಯ ದಾರಿ ಬದಲಿಸುವ ವಾಲ್ವ್; ಆ ಗಾಳಿಯಿಂದ ಪಿಸ್ಟನ್ ತಳ್ಳಿ ಯಂತ್ರದ ಭಾಗವನ್ನು ಅಲ್ಲಾಡಿಸುವುದು ಸಿಲಿಂಡರ್. ನಾನು ತಿರುಗಿ ಕೇಳುವುದು ಒಂದೇ: ವಾಲ್ವ್‌ನಿಂದ ಸಿಲಿಂಡರ್‌ಗೆ ಎಷ್ಟು ಮೀಟರ್ ಟ್ಯೂಬ್ ಎಳೆದಿದ್ದೀರಿ? ಹೆಚ್ಚಿನವರು ಅಳೆದೇ ಇರುವುದಿಲ್ಲ.

ಆ 20 ಮಿಲಿಸೆಕೆಂಡ್ ಸುಳ್ಳೇನಲ್ಲ. ಕಾಯಿಲ್‌ಗೆ ಕರೆಂಟ್ ಕೊಟ್ಟಾಗಿನಿಂದ ವಾಲ್ವ್‌ನ ಔಟ್‌ಲೆಟ್‌ನಲ್ಲೇ ಒತ್ತಡ ಬದಲಾಗುವವರೆಗಿನ ಸಮಯ ಅದು. ಅಲ್ಲಿಂದ ಮುಂದಿನದಕ್ಕೆ ವಾಲ್ವ್ ತಯಾರಿಸಿದವರು ಹೊಣೆಯಲ್ಲ.

ಗಾಳಿಯಲ್ಲಿ ಒತ್ತಡದ ಸುದ್ದಿ ಹರಡುವುದು ಶಬ್ದದ ವೇಗದಲ್ಲಿ, ಸೆಕೆಂಡಿಗೆ ಸುಮಾರು 340 ಮೀಟರ್. 20 ಮೀಟರ್ ಟ್ಯೂಬ್ ಇದ್ದರೆ ಅದಕ್ಕೇ 60 ಮಿಲಿಸೆಕೆಂಡ್ ಹೋಯಿತು. ಅದಾದರೂ ಸಣ್ಣ ಬಾಬತ್ತು. ದೊಡ್ಡದು ಟ್ಯೂಬ್ ತುಂಬಿಸುವ ಕೆಲಸ. ಒಳವ್ಯಾಸ 4 ಮಿ.ಮೀ. ಇರುವ 20 ಮೀಟರ್ ಟ್ಯೂಬ್ ಹಿಡಿಯುವುದು 250 ಮಿಲಿಲೀಟರ್. 32 ಮಿ.ಮೀ. ಬೋರ್ (ಒಳವ್ಯಾಸ), 50 ಮಿ.ಮೀ. ಸ್ಟ್ರೋಕ್‌ನ (ಪಿಸ್ಟನ್ ಸರಿಯುವ ದೂರ) ಸಿಲಿಂಡರ್ ಹಿಡಿಯುವುದು ಬರೀ 40. ಸಿಲಿಂಡರ್‌ಗೆ ಬೇಕಾದದ್ದರ ಆರು ಪಟ್ಟು ಗಾಳಿಯನ್ನು ಟ್ಯೂಬೇ ನುಂಗುತ್ತದೆ! ಒತ್ತಡವನ್ನು 6 ಬಾರ್‌ಗೆ (1 ಬಾರ್ ಎಂದರೆ ಸುಮಾರು ಹೊರಗಿನ ಗಾಳಿಯ ಒತ್ತಡದಷ್ಟು) ಏರಿಸಲು ಹೊರಗಿನ ಒಂದೂವರೆ ಲೀಟರ್ ಗಾಳಿಯನ್ನು ಅದರೊಳಗೆ ತುರುಕಬೇಕು. ಮುಂದಿನ ಸೈಕಲ್‌ನಲ್ಲಿ ಅಷ್ಟೂ ಸೈಲೆನ್ಸರ್‌ನಿಂದ ಹೊರಗೆ. ಕಂಪ್ರೆಸರ್ ಯಾಕೆ ಬಿಡುವಿಲ್ಲದೆ ಓಡುತ್ತಿದೆ ಎಂಬುದಕ್ಕೂ ಕೆಲವೊಮ್ಮೆ ಇಲ್ಲೇ ಉತ್ತರ ಸಿಗುತ್ತದೆ.

ಅನುಮಾನವಿದ್ದರೆ ಎರಡು ಪ್ರೆಶರ್ ಗೇಜ್ ಹಾಕಿ: ಒಂದು ವಾಲ್ವ್ ಔಟ್‌ಲೆಟ್‌ನಲ್ಲಿ, ಇನ್ನೊಂದು ಸಿಲಿಂಡರ್ ಪೋರ್ಟ್‌ನಲ್ಲಿ. ವಾಲ್ವ್‌ನ ಮ್ಯಾನ್ಯುಯಲ್ ಬಟನ್ ಒತ್ತಿ ನೋಡಿ. ಮೊದಲನೆಯದರ ಮುಳ್ಳು ಟಕ್ಕೆಂದು ಏರಿ, ಎರಡನೆಯದು ತೆವಳಿದರೆ ವಾಲ್ವ್ ನಿರಪರಾಧಿ.

ಎಲ್ಲರೂ ಮರೆಯುವುದು ಹೊರಹೋಗುವ ಗಾಳಿಯನ್ನು. ಪಿಸ್ಟನ್ನಿನ ಆಚೆ ಬದಿಯ ಗಾಳಿಯೂ ಅಷ್ಟೇ ಉದ್ದದ ಟ್ಯೂಬ್ ದಾಟಿ ವಾಲ್ವ್‌ಗೆ ಬಂದೇ ಹೊರಬೀಳಬೇಕು. ಅದು ಇಳಿಯುವವರೆಗೆ ಪಿಸ್ಟನ್‌ಗೆ ಎದುರೊತ್ತಡ. ಸಿಲಿಂಡರ್ ಪೋರ್ಟ್‌ನಲ್ಲೇ ಒಂದು ಕ್ವಿಕ್ ಎಕ್ಸಾಸ್ಟ್ ವಾಲ್ವ್ (ಗಾಳಿಯನ್ನು ಟ್ಯೂಬಿಗೆ ಕಳಿಸದೆ ಅಲ್ಲೇ ಹೊರಬಿಡುವಂಥದ್ದು) ಕೂರಿಸಿದರೆ ಈ ಅರ್ಧ ರಗಳೆ ಮುಗಿಯುತ್ತದೆ. ಖರ್ಚೂ ಕಡಿಮೆ.

ದಪ್ಪ ಟ್ಯೂಬ್ ಹಾಕಿದರೆ? ಉದ್ದ ತುಂಬಾ ಇದ್ದಾಗ ಲಾಭವಿದೆ, ಏಕೆಂದರೆ ವ್ಯಾಸ ಹೆಚ್ಚಿದಂತೆ ಘರ್ಷಣೆ ಬಹಳ ಬೇಗ ಇಳಿಯುತ್ತದೆ. ಉದ್ದ ಕಡಿಮೆ ಇದ್ದಲ್ಲಿ ತುಂಬಿಸಬೇಕಾದ ಜಾಗ ಹೆಚ್ಚುತ್ತದೆ, ಅಷ್ಟೇ.

ನನ್ನ ಮೊದಲ ಆಯ್ಕೆ ಬೇರೆ. ವಾಲ್ವನ್ನು ಸಿಲಿಂಡರ್ ಪಕ್ಕಕ್ಕೆ ಒಯ್ಯಿರಿ, ಉದ್ದವನ್ನು ವೈರ್‌ಗೆ ಬಿಡಿ. ವೈರ್‌ಗೂ ಮಿತಿಯಿದೆ: 24 ವೋಲ್ಟ್ ಡಿಸಿಯ 12 ವಾಟ್ ಕಾಯಿಲ್‌ಗೆ 0.75 ಚದರ ಮಿ.ಮೀ. ತಾಮ್ರದ ವೈರ್ 100 ಮೀಟರ್ ಎಳೆದರೆ, ಹೋಗಿ ಬರುವ ದಾರಿಯಲ್ಲಿ ಸುಮಾರು 2.4 ವೋಲ್ಟ್ ಸೋರುತ್ತದೆ. ಅನೇಕ ಕಾಯಿಲ್‌ಗಳು ಸಹಿಸುವುದೇ ಶೇ. 10ರ ಏರಿಳಿತವನ್ನು. ವಾಲ್ವ್‌ಗಿಂತ ಹಿಂದಿನ ಸಪ್ಲೈ ಲೈನ್ ಉದ್ದವಿದ್ದರೆ ಅದು ಬೇರೆ ಕಾಯಿಲೆ, ಸಿಲಿಂಡರ್ ಓಡುವಾಗ ಒತ್ತಡ ಕುಸಿಯುತ್ತದೆ. ಅದಕ್ಕೆ ವಾಲ್ವ್ ಹತ್ತಿರ ಸಣ್ಣ ಏರ್ ಟ್ಯಾಂಕ್ ಇಡಬೇಕು.

ನೀರಿನ ಲೈನ್‌ನಲ್ಲಿ ಕಥೆ ಉಲ್ಟಾ. ಅಲ್ಲಿ ವಾಲ್ವ್ ಬೇಗ ಮುಚ್ಚುವುದೇ ತೊಂದರೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರನ್ನು ಉಕ್ಕಿನ ಪೈಪ್‌ನಲ್ಲಿ ಥಟ್ಟನೆ ತಡೆದರೆ ಸುಮಾರು 12 ಬಾರ್ ಹೆಚ್ಚುವರಿ ಒತ್ತಡ ಏಳುತ್ತದೆ, ವಾಟರ್ ಹ್ಯಾಮರ್ ಅನ್ನುವುದು ಇದನ್ನೇ. “ಥಟ್ಟನೆ” ಎಂದರೆ ಎಷ್ಟು ಎಂಬುದನ್ನು ಪೈಪಿನ ಉದ್ದವೇ ನಿರ್ಧರಿಸುತ್ತದೆ: ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1,200 ಮೀಟರ್ ಓಡುವುದರಿಂದ, 60 ಮೀಟರ್ ಪೈಪ್‌ನಲ್ಲಿ ಹೋಗಿ ಬರಲು 0.1 ಸೆಕೆಂಡ್ ಬೇಕು. ಅಷ್ಟರೊಳಗೆ ಮುಚ್ಚುವ ಯಾವ ವಾಲ್ವ್ ಆದರೂ ಪೂರ್ತಿ ಹೊಡೆತ ಕೊಡುತ್ತದೆ. ಉದ್ದದ ನೀರಿನ ಲೈನ್‌ಗೆ ಸೊಲೆನಾಯ್ಡ್ ಬೇಡ, ನಿಧಾನ ಮುಚ್ಚುವ ಮೋಟರೈಸ್ಡ್ ಬಾಲ್ ವಾಲ್ವ್ ಹಾಕಿ ಎಂದು ನಾನು ಹೇಳುವುದು ಅದಕ್ಕೇ.