ತೂತು ದೊಡ್ಡದಾದ್ರ ಚೊಲೋ ಅಲ್ರಿ?

"ತೂತು ದೊಡ್ಡದಾದ್ರ ಗಾಳಿ ಇನ್ನೂ ಚೊಲೋ ಆಡ್ತದಲ್ರಿ ಸರ?"

ಮಂಗಳವಾರ ಕಾರ್ಖಾನೆಯೊಂದರಲ್ಲಿ ಕೆಲಸದ ಹುಡುಗನೊಬ್ಬ ಕೇಳಿದ ಈ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಸುತ್ತ ನಿಂತವರೆಲ್ಲ ನಕ್ಕರು. ಶಿಫ್ಟ್ ಇನ್‌ಚಾರ್ಜ್ ಅಂತೂ "ಲೇ, ಹೇಳಿದಷ್ಟು ಮಾಡಲೇ" ಎಂದು ಗದರಿಸಿಬಿಟ್ಟ. ನನಗೆ ನಗು ಬರಲಿಲ್ಲ. ಆ ಹುಡುಗನ ಜಾಗದಲ್ಲಿ ಯಾರಿದ್ದರೂ ಹಾಗೇ ಯೋಚಿಸುತ್ತಾರೆ, ಅಲ್ವಾ?

ಹಾವೇರಿ ಕಡೆ ಮೆಕ್ಕೆಜೋಳದಿಂದ ಎಥೆನಾಲ್ ತೆಗೆಯುವ ಒಂದು ಕಾರ್ಖಾನೆ. ಹೆಸರು ಬೇಡ. ಮೇಂಟೆನೆನ್ಸ್ ಕೆಲಸಕ್ಕೆ ಹುಬ್ಬಳ್ಳಿ ಗೋಕುಲ ರಸ್ತೆಯಿಂದ ನಮ್ಮ ತಂಡ ಹೋಗುತ್ತದೆ. ಈ ಸಲ ಟ್ಯಾಂಕುಗಳ ನೆತ್ತಿಯ ಮೇಲಿರುವ ಫ್ಲೇಮ್ ಅರೆಸ್ಟರ್‌ಗಳನ್ನು ಬಿಚ್ಚಿ ತೊಳೆಯಬೇಕಿತ್ತು.

ಟ್ಯಾಂಕಿಗೆ ಎಥೆನಾಲ್ ತುಂಬುವಾಗ ಒಳಗಿನ ಗಾಳಿ ಹೊರಗೆ ಬರಬೇಕು, ತೆಗೆಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು. ಆ ದಾರಿಯಲ್ಲಿ ಕೂತಿರುತ್ತದೆ ಈ ಅರೆಸ್ಟರ್. ಹೊರಗೆ ಸಿಡಿಲೋ ಕಿಡಿಯೋ ತಗುಲಿ ಆವಿ ಹೊತ್ತಿಕೊಂಡರೆ ಬೆಂಕಿ ಒಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಒಳಗೆ ಸ್ಟೀಲ್ ಪಟ್ಟಿಯ ಸುರುಳಿ ಇರುತ್ತದೆ, ಅದಕ್ಕೆ ಎಲಿಮೆಂಟ್ ಅಂತಾರೆ. ರಟ್ಟಿನ ಡಬ್ಬಿಯ ನಡುವಿನ ಡೊಂಕು ಕಾಗದವನ್ನು ಬಿಗಿಯಾಗಿ ಸುತ್ತಿಟ್ಟಂತೆ ಕಾಣುತ್ತದೆ. ಸಂದಿಗಳು ಒಂದು ಮಿಲಿಮೀಟರಿಗಿಂತ ಸಣ್ಣವು.

ಮೊದಲ ಟ್ಯಾಂಕಿನ ಕೆಲಸ ಕ್ರಮವಾಗಿಯೇ ಆಯಿತು. ತುಂಬುವುದು, ತೆಗೆಯುವುದು ಬಂದ್. ಕೆಲಸ ಶುರು ಮಾಡಲು ಬೇಕಾದ ಲಿಖಿತ ಪರ್ಮಿಟ್ ಆಯಿತು, ಗ್ಯಾಸ್ ಮೀಟರ್ ಹಿಡಿದು ನೋಡಿದ್ದಾಯಿತು, ಮೊಬೈಲ್ ಎಲ್ಲ ಗೇಟಿನಲ್ಲಿ. ಕಿಡಿ ಹಾರದ ಕಂಚಿನ ಪಾನಾದಿಂದ ಬೋಲ್ಟ್ ಬಿಚ್ಚಿ, ಹಳೇ ಎಲಿಮೆಂಟ್ ತೆಗೆದ ಕೂಡಲೇ ಸ್ಪೇರ್ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿದೆವು. ಬಾಯಿ ತೆರೆದು ಬಿಡುವ ಹಾಗಿಲ್ಲ, ಮುಚ್ಚಿ ಮರೆಯುವ ಹಾಗೂ ಇಲ್ಲ. ಗಾಳಿ ಹೋಗುವ ದಾರಿ ಕಟ್ಟಿರುವಾಗ ಯಾರಾದರೂ ಎಥೆನಾಲ್ ತೆಗೆಯುವ ಪಂಪ್ ಚಾಲು ಮಾಡಿದರೆ ಅಷ್ಟು ದೊಡ್ಡ ಟ್ಯಾಂಕು ನಿರ್ವಾತಕ್ಕೆ ಒಳಗೆ ಕುಸಿಯುತ್ತದೆ.

ಕೆಳಗೆ ಶೆಡ್ಡಿಗೆ ತಂದು ನೋಡಿದರೆ ಎಲಿಮೆಂಟಿನ ಹೊರಮೈಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಒಂದನ್ನು ಒಡೆದರೆ ಮುದುಡಿ ಒಣಗಿದ ಜೇಡಗಳು ಉದುರಿದವು. ತನ್ನ ಮರಿಗೆಂದು ಕೂಡಿಟ್ಟ ಬುತ್ತಿ. ಉಳಿದ ಸಂದಿಗಳಲ್ಲಿ ಜೋಳದ ಧೂಳು. ನಾನು ಬಕೆಟ್ಟಿಗೆ ಬಿಸಿನೀರು ತರಲು ಹೇಳಿ ಆ ಕಡೆ ತಿರುಗಿದ್ದೇ ತಡ, ಯಾರೋ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟಿದ್ದಾರೆ. ಅವನು ಶ್ರದ್ಧೆಯಿಂದ ಒಂದೊಂದೇ ತೂತಿಗೆ ಹಾಕಿ ಕೆದಕುತ್ತಿದ್ದಾನೆ! ಕೈ ಹಿಡಿದು ನಿಲ್ಲಿಸಿದೆ. ಆಗ ಬಂತು ಆ ಪ್ರಶ್ನೆ.

ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ನೋಡಪಾ ತಮ್ಮ, ಗಾಳಿಗೆ ಚೊಲೋ ಆಗೋದು ಬೆಂಕಿಗೂ ಚೊಲೋ ಆಗ್ತದ." ಸಣ್ಣ ಸಂದಿಯಲ್ಲಿ ನುಗ್ಗುವ ಬೆಂಕಿಯ ಕಾವನ್ನು ಸುತ್ತಲಿನ ಲೋಹ ಹೀರಿಕೊಳ್ಳುತ್ತದೆ. ಕಾವು ಹೋದರೆ ಬೆಂಕಿ ಅಲ್ಲೇ ಸಾಯುತ್ತದೆ. ಸಂದಿ ಅಗಲವಾದರೆ ನಡುವಿನ ಬೆಂಕಿಗೆ ಲೋಹ ತಾಗುವುದೇ ಇಲ್ಲ, ದಾಟಿಬಿಡುತ್ತದೆ. ಹಂಫ್ರಿ ಡೇವಿ 1815ರಲ್ಲಿ ಕಲ್ಲಿದ್ದಲು ಗಣಿಯವರಿಗೆ ಮಾಡಿದ ತಂತಿ ಜಾಳಿಗೆಯ ದೀಪದಲ್ಲೂ ಇದೇ ಉಪಾಯ.

ಎಥೆನಾಲ್ ಅಂದರೆ ಇನ್ನೂ ಎಚ್ಚರ ಬೇಕು. ಪೆಟ್ರೋಲ್ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಎಷ್ಟು ದಟ್ಟ ಅಂದರೆ ಉರಿಯಲು ಗಾಳಿ ಸಾಲುವುದಿಲ್ಲ. ಎಥೆನಾಲ್ ಹಾಗಲ್ಲ. ಸುಮಾರು 13ರಿಂದ 40 ಡಿಗ್ರಿವರೆಗೆ ಟ್ಯಾಂಕಿನೊಳಗಿನ ಆವಿ ಮತ್ತು ಗಾಳಿ ಉರಿಯುವ ಹದದಲ್ಲೇ ಇರುತ್ತವೆ. ನಮ್ಮ ಕಡೆ ಹವಾ ಹೆಚ್ಚುಕಡಿಮೆ ವರ್ಷವಿಡೀ ಅಷ್ಟೇ!

ಮಣ್ಣು ನೀರಿನಲ್ಲಿ ನೆನೆದು ತಾನೇ ಬಿಟ್ಟುಕೊಂಡಿತು. ಹಿಂದಿನಿಂದ ಕಡಿಮೆ ಒತ್ತಡದ ಗಾಳಿ ಬಿಟ್ಟು, ಒಣಗಿಸಿ, ಬೆಳಕಿಗೆ ಹಿಡಿದೆವು. ಕೆದಕಿದ ಜಾಗ ಎದ್ದು ಕಾಣುತ್ತಿತ್ತು. ಇದನ್ನು ಮತ್ತೆ ಹಾಕಲು ಬರುವುದಿಲ್ಲ ಎಂದೆ. "ನಾಕೈದು ತೂತು ಅಷ್ಟ ಅಲ್ರೀ" ಎಂದ ಇನ್‌ಚಾರ್ಜ್. ಬೆಂಕಿಗೆ ಒಂದು ಸಾಕು.

ಮನುಷ್ಯ ಕೆಟ್ಟವನಲ್ಲ. ಎಲ್ಲರ ಊಟ ಆಯ್ತಾ ಎಂದು ವಿಚಾರಿಸಿಯೇ ತಾನು ಉಣ್ಣುವವನು. ಆದರೆ ಕೆಳಗಿನವರು ಏನಾದರೂ ಕೇಳಿದರೆ ತನ್ನ ಮರ್ಯಾದೆಗೇ ಕೈ ಹಾಕಿದರು ಎಂಬಂತೆ ಆಡುತ್ತಾನೆ. ಅವನೊಬ್ಬನೇ ಏನಲ್ಲ. ಪರ್ಮಿಟ್ ಇಂಗ್ಲಿಷಿನಲ್ಲಿ, ಹುಡುಗ ಓದಿದ್ದು ಸವಣೂರು ಕಡೆಯ ಕನ್ನಡ ಶಾಲೆಯಲ್ಲಿ. ತೋರಿಸಿದ ಕಡೆ ಸಹಿ ಹಾಕಿದ್ದಾನೆ. ಹೆಲ್ಮೆಟ್ ಕೊಟ್ಟರು, ಶೂ ಕೊಟ್ಟರು. ಕೈಯಲ್ಲಿರುವ ಸಾಮಾನು ಯಾತಕ್ಕೆ ಎಂದು ಹೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹೇಳಿದ್ದರೆ ಅವನು ಸ್ಕ್ರೂಡ್ರೈವರ್ ಮುಟ್ಟುತ್ತಲೇ ಇರಲಿಲ್ಲ. ಮನೆಯಲ್ಲಿ, ಶಾಲೆಯಲ್ಲಿ "ಯಾಕೆ" ಅಂದರೆ ಬೈಸಿಕೊಂಡು ಬೆಳೆದವರೇ ನಾವೆಲ್ಲ. ಕಾರ್ಖಾನೆಗೆ ಬಂದ ಮೇಲೆ ನಾವೂ ಅದನ್ನೇ ಮಾಡುತ್ತೇವೆ.

ಚಹಾ ಕುಡಿಯುವಾಗ ಹುಡುಗ ಮೆಲ್ಲಗೆ ಹತ್ತಿರ ಬಂದ. "ಸರ, ಬಣ್ಣ ಹಚ್ಚಿದ್ರ ನಡೀತದೇನ್ರಿ? ಹ್ವಾದ ತಿಂಗಳ ಪೇಂಟಿಂಗ್‌ನವರು ಆ ಕಡೀ ಟ್ಯಾಂಕಿಂದಕ್ಕ ಸ್ಪ್ರೇ ಹೊಡದಾರ್ರಿ."

ಕಪ್ ಅಲ್ಲೇ ಇಟ್ಟು ಮತ್ತೆ ಪರ್ಮಿಟ್ ಬರೆಸಿದೆವು. ಮೇಲೆ ಹತ್ತಿ ಬಿಚ್ಚಿದರೆ ಹುಡುಗ ಹೇಳಿದ್ದು ಖರೆ. ಎಲಿಮೆಂಟಿನ ಒಂದು ಬದಿಯ ಸಂದಿಗಳೆಲ್ಲ ಬೆಳ್ಳಿ ಬಣ್ಣದಲ್ಲಿ ಮುಚ್ಚಿಹೋಗಿದ್ದವು. ಇನ್‌ಚಾರ್ಜ್ ಏನೂ ಅನ್ನಲಿಲ್ಲ. ಒಂದು ಎಲಿಮೆಂಟಿಗೆ ಬರೆದಿದ್ದ ಇಂಡೆಂಟ್, ಅಂದರೆ ಹೊಸದು ತರಿಸುವ ಚೀಟಿ, ತಿದ್ದಿ ಎರಡು ಮಾಡಿದ.