ಕಾಲುವೆ ನಡಿಗೆ, ಕಂತು 5: ಆಪ್ಸ್ಲಿಯಿಂದ ಬರ್ಕಮ್‌ಸ್ಟೆಡ್ ಕೋಟೆಗೆ

ಮಾರ್ಚ್ ತಿಂಗಳ ಭಾನುವಾರ. ಮೋಡ ಇತ್ತು, ಮಳೆ ಇರಲಿಲ್ಲ. ನಡೆದದ್ದು ಎಂಟೊಂಬತ್ತು ಕಿ.ಮೀ. ಜೊತೆಗೆ ಮಗಳು.

ಹೊಸದಾಗಿ ಓದುವವರಿಗೆ: ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಂಡೆ ಹಿಡಿದು ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್ ತನಕ ನಡೆಯುವುದು ನನ್ನ ಹುಚ್ಚು. ಒಟ್ಟು 137 ಮೈಲಿ, ಅಂದರೆ 220 ಕಿ.ಮೀ. ರಜೆ ಸಿಕ್ಕಾಗ ಒಂದೊಂದು ತುಂಡು ನಡೆದು, ರೈಲು ಹಿಡಿದು ಮನೆಗೆ ಬರುವುದು. ಥೇಮ್ಸ್ ನದಿಗೆ ಕಾಲುವೆ ಸೇರುವ ಬ್ರೆಂಟ್‌ಫರ್ಡ್‌ನಿಂದ ಶುರು ಮಾಡಿದ್ದು, ಈಗ ಸುಮಾರು 50 ಕಿ.ಮೀ. ಆಯಿತು.

ಈ ತುಂಡಿನಲ್ಲಿ ಕಾಲುವೆ ಚಿಲ್ಟರ್ನ್ ಗುಡ್ಡಗಳ ಕಡೆ ಹತ್ತುತ್ತಾ ಹೋಗುತ್ತದೆ. ನೀರು ಗುಡ್ಡ ಹತ್ತುವುದಿಲ್ಲ, ಅದಕ್ಕೇ ಲಾಕ್‌ಗಳು. ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ ಅಂದುಕೊಳ್ಳಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಹಾಕಿ, ಮೇಲಿನಿಂದ ನೀರು ಬಿಟ್ಟರೆ ದೋಣಿ ನಿಧಾನಕ್ಕೆ ಏಳುತ್ತದೆ. ಒಂದು ಸಲಕ್ಕೆ ಎರಡು ಲಕ್ಷ ಲೀಟರಿಗೂ ಜಾಸ್ತಿ ನೀರು ಬೇಕು. ವಿಂಕ್‌ವೆಲ್ ಹತ್ತಿರ ರಸ್ತೆಯೇ ಪಕ್ಕಕ್ಕೆ ತಿರುಗುವ ಸೇತುವೆ ಇದೆ. ದೋಣಿಯವರು ಗುಂಡಿ ಒತ್ತಿದರು. ಒಂದು ದೋಣಿಗಾಗಿ ಏಳೆಂಟು ಕಾರು ಸುಮ್ನೆ ಕಾದವು. ಮಗಳಿಗಿಂತ ನನಗೇ ಖುಷಿ ಜಾಸ್ತಿ ಆಯಿತು.

ನಾವು ನಡೆಯುವ ದಾರಿ ಮನುಷ್ಯರಿಗೆ ಅಂತ ಮಾಡಿದ್ದಲ್ಲ, ಕುದುರೆಗೆ ಮಾಡಿದ್ದು. 1790ರ ದಶಕದಲ್ಲಿ ಕಾಲುವೆ ತೋಡಿದಾಗ ಸರಕಿನ ದೋಣಿಗಳನ್ನು ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದವು. ಹಳೆಯ ಸೇತುವೆಗಳ ಅಂಚಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೀರುಗಳನ್ನು ಹುಡುಕುವುದು ನಮ್ಮ ಆಟ. ನಮ್ಮೂರ ಬಾವಿಕಟ್ಟೆಯ ಕಲ್ಲಿನ ಮೇಲೆ ಇದ್ದದ್ದೂ ಇಂಥವೇ ಗೀರು.

ಬರ್ಕಮ್‌ಸ್ಟೆಡ್‌ನಲ್ಲಿ ದಂಡೆ ಬಿಟ್ಟು, ರೈಲು ಹಳಿಯ ಕೆಳಗೆ ನುಸುಳಿದರೆ ಕೋಟೆ. ಟಿಕೆಟ್ ಇಲ್ಲ. ಮಗಳು ಸುತ್ತ ನೋಡಿ ಕೇಳಿದಳು, "ಅಪ್ಪಾ, ಕೋಟೆ ಎಲ್ಲಿ?"

"ನೀನು ನಿಂತಿರೋದೇ ಕೋಟೆ ಒಳಗೆ ಪುಟ್ಟಿ."

ಅವಳ ತಪ್ಪಲ್ಲ. ನಾನು ಚಿತ್ರದುರ್ಗದ ಕಡೆಯವನು, ಕೋಟೆ ಅಂದರೆ ತಲೆ ಎತ್ತಿ ನೋಡಬೇಕು ಅಂತ ಬೆಳೆದವನು. ಇಲ್ಲಿ ತಲೆ ತಗ್ಗಿಸಿ ನೋಡಬೇಕು. ದೊಡ್ಡ ಹುಲ್ಲಿನ ಬಯಲು, ಒಂದು ಮೂಲೆಯಲ್ಲಿ ಸುಮಾರು 40 ಅಡಿಯ ಮಣ್ಣಿನ ದಿಬ್ಬ, ಅಲ್ಲಲ್ಲಿ ಮೊಂಡು ಗೋಡೆ. ಸೀಮೆಸುಣ್ಣದ ಗುಡ್ಡಗಳಲ್ಲಿ ಒಳ್ಳೆ ಕಟ್ಟಡದ ಕಲ್ಲು ಸಿಗುವುದಿಲ್ಲ. ಹಾಗಾಗಿ ಚಕಮಕಿ ಕಲ್ಲಿನ ಉಂಡೆಗಳನ್ನು ಗಾರೆಯಲ್ಲಿ ಹುದುಗಿಸಿದ್ದಾರೆ. ಮುರಿದ ಕಡೆ ಥೇಟ್ ಕಡಲೆಕಾಯಿ ಚಿಕ್ಕಿ.

ಆದರೆ ಇದರ ಗತ್ತು ಗೋಡೆಯಲ್ಲಿಲ್ಲ, ಕಂದಕದಲ್ಲಿದೆ. ಒಂದಲ್ಲ, ಎರಡು ಸುತ್ತು. ಕಣಿವೆಯ ಒರತೆ ನೀರೇ ಕಾವಲು. ಈಗ ಒಳ ಕಂದಕದಲ್ಲಿ ಸ್ವಲ್ಪ ನೀರು ನಿಂತಿತ್ತು, ಮಿಕ್ಕಿದ್ದೆಲ್ಲ ಹುಲ್ಲು, ಕೆಸರು. ಕೆಸರಿನ ಆಳ ನನ್ನ ಬೂಟಿಗೆ ಚೆನ್ನಾಗಿ ಗೊತ್ತಾಯಿತು.

1066ರಲ್ಲಿ ಹೇಸ್ಟಿಂಗ್ಸ್ ಕದನ ಗೆದ್ದ, ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂಗೆ ಇಂಗ್ಲಿಷ್ ದೊಡ್ಡವರು ಶರಣಾದದ್ದು ಬರ್ಕಮ್‌ಸ್ಟೆಡ್‌ನಲ್ಲಿ. ಅದೇ ವರ್ಷದ ಕ್ರಿಸ್‌ಮಸ್‌ಗೆ ಅವನ ಪಟ್ಟಾಭಿಷೇಕ. ಆಮೇಲೆ ಕೋಟೆ ಅವನ ಮಲತಮ್ಮ ರಾಬರ್ಟ್‌ನ ಕೈಗೆ ಬಂತು. 1216ರ ಡಿಸೆಂಬರಿನಲ್ಲಿ ಫ್ರಾನ್ಸಿನ ರಾಜಕುಮಾರ ಲೂಯಿ ಮುತ್ತಿಗೆ ಹಾಕಿ, ಕಲ್ಲೆಸೆಯುವ ಯಂತ್ರ ತಂದು, ಎರಡು ವಾರಕ್ಕೂ ಹೆಚ್ಚು ದಿನ ಬಡಿದ ಮೇಲೆ ಕೋಟೆ ಬಿತ್ತು. ಇಲ್ಲಿ ಕೊನೆಗೆ ಬಾಳಿದವರು ಯಾರ್ಕ್‌ನ ಡಚೆಸ್ (ಡ್ಯೂಕ್‌ನ ಹೆಂಡತಿ) ಸಿಸಿಲಿ ನೆವಿಲ್. 1495ರಲ್ಲಿ ಅವರು ತೀರಿಕೊಂಡ ಮೇಲೆ ಹಾಳು ಬಿತ್ತು. 1580ರಲ್ಲಿ ಇದನ್ನು ಗುತ್ತಿಗೆಗೆ ಪಡೆದ ಎಡ್ವರ್ಡ್ ಕೇರಿ ಕೊಡಬೇಕಿದ್ದ ಬಾಡಿಗೆ ವರ್ಷಕ್ಕೆ ಒಂದು ಕೆಂಪು ಗುಲಾಬಿ! ಅವನು ಇಲ್ಲಿನ ಕಲ್ಲು ಕಿತ್ತು ಗುಡ್ಡದ ಮೇಲೆ ಬಂಗಲೆ ಕಟ್ಟಿಸಿಕೊಂಡ. ಗೋಡೆ ಚಿಕ್ಕಿಯಾಗಿ ಉಳಿದದ್ದರಲ್ಲಿ ಅವನ ಪಾಲೂ ಇದೆ.

ದಿಬ್ಬ ಹತ್ತಿದ ಮೇಲೆ ನನಗೆ ವಿಷಯ ಅರ್ಥವಾಯಿತು. ಗುಡ್ಡಗಳ ನಡುವೆ ಇದೊಂದು ಸಲೀಸು ಓಣಿ. ರೋಮನ್ನರ ರಸ್ತೆ ಇಲ್ಲೇ ಬಂತು. ಅದನ್ನು ಕಾಯಲು ಕೋಟೆ ಇಲ್ಲೇ ಬಂತು. ಕಾಲುವೆಯೂ ಇಲ್ಲೇ, ಅದರ ಅನ್ನ ಕಿತ್ತುಕೊಂಡ ರೈಲೂ ಇಲ್ಲೇ. 1833ರಲ್ಲಿ ಲಂಡನ್-ಬರ್ಮಿಂಗ್‌ಹ್ಯಾಮ್ ರೈಲಿಗೆ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟಾಗ ಕೋಟೆಯನ್ನು ಕಾಪಾಡಬೇಕು ಅಂತ ಕಾಯ್ದೆಯಲ್ಲೇ ಬರೆದರು. ಕೋಟೆಯ ನಡುಭಾಗ ಉಳಿಯಿತು. ಹೊರಗಿನ ಹೆಬ್ಬಾಗಿಲ ಜಾಗದ ಮೇಲೆ ಮಾತ್ರ ಹಳಿ ಬಂತು. ಲೂಯಿಯ ಯಂತ್ರ ಬಡಿದರೂ ಉಳಿದಿದ್ದು ಟೈಮ್‌ಟೇಬಲ್ಲಿಗೆ ಸೋತಿತು, ಅಲ್ವಾ?

ಮೇಲೆ ನಿಂತು ಮಗಳು ರೈಲು ಎಣಿಸಿದಳು. ಹತ್ತು ನಿಮಿಷಕ್ಕೆ ಆರು. ದೋಣಿ ಒಂದೂ ಇಲ್ಲ.

ಬಾಕಿ ಉಳಿದ ಕೆಲಸ: ಹೊರ ಕಂದಕದ ಸುತ್ತಳತೆಯನ್ನು ಹೆಜ್ಜೆಯಲ್ಲಿ ಎಣಿಸಲು ಹೋಗಿ 212ರಲ್ಲಿ ಕೆಸರಿಗೆ ಸಿಕ್ಕಿ ಲೆಕ್ಕ ತಪ್ಪಿತು. ಬೇಸಿಗೆಯಲ್ಲಿ ಇನ್ನೊಮ್ಮೆ. ಮುಂದಿನ ಕಂತು ಕೌ ರೋಸ್ಟ್ ಲಾಕ್ ದಾಟಿ ಟ್ರಿಂಗ್‌ಗೆ. ಅಲ್ಲಿಗೆ ಹತ್ತುವುದು ಮುಗಿಯುತ್ತದೆ. ಎರಡೂ ಕಡೆಗೆ ಹರಿದು ಖಾಲಿಯಾಗುವ ಆ ನೆತ್ತಿಗೆ ನೀರು ಕೊಡುವ ಕೆರೆಗಳನ್ನು ನೋಡಬೇಕು. ಬೂಟು ಇನ್ನೂ ಒಣಗಿಲ್ಲ.